ಏಟು ಮುಂದೆ, ಭಾರ ಹಿಂದೆ

ನಮ್ಮ ಮನೆಯಲ್ಲಿ ಅಪ್ಪನಿಗೆ ಯಾರೂ ಹೆದರುತ್ತಿರಲಿಲ್ಲ. ಆದರೆ ಅಪ್ಪನ ಮಾತಿಗೆ "ಇಲ್ಲ" ಅನ್ನುವ ಅಭ್ಯಾಸವೂ ಯಾರಿಗೂ ಇರಲಿಲ್ಲ. ಅವನು ಕೇಳುವ ರೀತಿಯೇ ಹಾಗಿತ್ತು. ಪ್ರಶ್ನೆಯೊಳಗೇ ಉತ್ತರವನ್ನು ಇಟ್ಟು ಕೇಳುತ್ತಿದ್ದ. ಬಸ್ಸಾರು ಚೆನ್ನಾಗಿದೆ ಅಲ್ವಾ, ಪರೀಕ್ಷೆ ಸುಲಭ ಇತ್ತು ಅಲ್ವಾ, ಮೇಷ್ಟ್ರು ಏನೂ ಅನ್ನಲಿಲ್ಲ ಅಲ್ವಾ. ನಾವು ಹೂಂ ಅಂದರೆ ಮುಗಿಯಿತು, ಅವನು ಮತ್ತೆ ತಲೆ ಬಗ್ಗಿಸಿ ಕಬ್ಬಿಣಕ್ಕೆ ಅರ ಉಜ್ಜಲು ತೊಡಗುತ್ತಿದ್ದ. ಕೆಲಸದ ಮೇಲಿಂದ ಕಣ್ಣೆತ್ತದೆ ಮಾತಾಡುವ ಮನುಷ್ಯನಿಗೆ ಉದ್ದ ಉತ್ತರ ಕೊಟ್ಟು ಏನು ಪ್ರಯೋಜನ? ಅಮ್ಮ, ಅಕ್ಕ, ನಾನು ಮೂವರೂ ದಿನಕ್ಕೆ ಎಷ್ಟು ಸಲ ಹೂಂ ಅನ್ನುತ್ತಿದ್ದೆವೋ. ಅದರಲ್ಲಿ ಅರ್ಧದಷ್ಟು ಪ್ರಶ್ನೆ ಕೇಳಿಸಿಕೊಳ್ಳದೇ ಅಂದದ್ದು. ಒಂದು ಮನೆಯ ಇಂಥ ಸಣ್ಣ ಸೋಮಾರಿತನಕ್ಕೆ ಏನು ಬೆಲೆ ತೆರಬೇಕಾಗುತ್ತದೆಂದು ಯಾರಿಗೂ ಮೊದಲೇ ಗೊತ್ತಾಗುವುದಿಲ್ಲ. ನನಗೆ ಗೊತ್ತಾದಾಗ ನನಗೆ ಹದಿನೈದು ವರ್ಷ.

ಅಪ್ಪನದು ಚಿಂತಾಮಣಿಯಲ್ಲಿ ಬಂದೂಕು ರಿಪೇರಿ ಅಂಗಡಿ. ಅಂಗಡಿಯೆಂದರೆ ಬೇರೆ ಕಟ್ಟಡವಲ್ಲ, ಮನೆಯ ಬೀದಿ ಕಡೆಯ ಕೋಣೆ. ಅದರ ಹಿಂದೆ ನಡುಮನೆ, ಆಮೇಲೆ ಅಡುಗೆಮನೆ, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು. ಹಿತ್ತಲಲ್ಲಿ ನಿಂತರೂ ಎಣ್ಣೆ, ಮದ್ದು, ಮರದ ಪುಡಿಯ ವಾಸನೆ ಬರುತ್ತಿತ್ತು. ನಾನು ಶಾಲೆಗೆ ಹೋದರೆ ಪಕ್ಕದವಳು ಮೂಗು ಮುಚ್ಚಿಕೊಳ್ಳುತ್ತಿದ್ದಳು. ಗೋಡೆಗೆ ಲೈಸೆನ್ಸಿನ ಕಾಗದವನ್ನು ಕಟ್ಟು ಹಾಕಿಸಿ ತೂಗುಹಾಕಿದ್ದರು, ದೇವರ ಪಟದ ಪಕ್ಕದಲ್ಲೇ. ಅಂಬಾಜಿದುರ್ಗದ ಸುತ್ತಲ ಹಳ್ಳಿಗಳಿಂದ ಹಂದಿ ಓಡಿಸುವ ಒಂಟಿ ನಳಿಗೆ ಬಂದೂಕುಗಳು ಬರುತ್ತಿದ್ದವು, ಆಂಧ್ರದ ಗಡಿ ಕಡೆಯಿಂದ ಬಂದವರು ತೆಲುಗಿನಲ್ಲೇ ಜಗಳವಾಡುತ್ತಿದ್ದರು. ಚುನಾವಣೆ ಬಂದರೆ ಎಲ್ಲರೂ ಬಂದೂಕುಗಳನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಬೇಕು. ವಾಪಸು ಸಿಗುವಾಗ ಅವಕ್ಕೆ ತುಕ್ಕು ಹಿಡಿದಿರುತ್ತಿತ್ತು. ಹಾಗಾಗಿ ನಮ್ಮ ಮನೆಯಲ್ಲಿ ಚುನಾವಣೆಯೆಂದರೆ ಫಲಿತಾಂಶವಲ್ಲ, ತುಕ್ಕು. ಆಯುಧಪೂಜೆಯ ದಿನ ಅಮ್ಮ ಅಷ್ಟೂ ಬಂದೂಕುಗಳಿಗೆ ಅರಿಶಿನ ಕುಂಕುಮ ಇಟ್ಟು ನಿಂಬೆಹಣ್ಣು ಕೊಯ್ಯುತ್ತಿದ್ದಳು. ಮಿಕ್ಕ ಮುನ್ನೂರ ಅರವತ್ತನಾಲ್ಕು ದಿನ ಅವನ್ನು ದರಿದ್ರ ಕಬ್ಬಿಣ ಅಂತ ಬೈಯುತ್ತಿದ್ದಳು. ಅಪ್ಪನಿಗೆ ಕಬ್ಬಿಣಕ್ಕಿಂತ ಮರದ ಮೇಲೆ ಪ್ರೀತಿ. ಭುಜಕ್ಕೆ ಆನಿಸುವ ಹಿಂಬದಿಯ ಮರಕ್ಕೆ ಅವನು ಬಟ್ಟು ಅನ್ನುತ್ತಿದ್ದ. ಒಬ್ಬನ ಬಟ್ಟು ಇನ್ನೊಬ್ಬನ ಭುಜಕ್ಕೆ ಕೂರುವುದಿಲ್ಲ ಅನ್ನುವುದು ಅವನ ಸಿದ್ಧಾಂತ. ಕೆಲಸ ಮನಸ್ಸಿಗೆ ಒಪ್ಪುವಂತೆ ಮುಗಿದಾಗ ಮಾತ್ರ ತೆಲುಗಿನಲ್ಲಿ "ಸರಿಪೋಯಿಂದಿ" ಅಂತ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಸರಿಹೋಯಿತು ಅಂತ. ಆ ಮಾತು ಕೇಳಿದ ದಿನ ಅಮ್ಮನೂ ಸ್ವಲ್ಪ ಮೆತ್ತಗಿರುತ್ತಿದ್ದಳು.

ಅಕ್ಕನ ಹೆಸರು ವರಲಕ್ಷ್ಮಿ, ನಮಗೆಲ್ಲ ವರಕ್ಕ. ನನಗಿಂತ ಐದು ವರ್ಷ ದೊಡ್ಡವಳು. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಎನ್‌ಸಿಸಿಗೆ ಸೇರಿ ರೈಫಲ್ ಹಿಡಿದಳು. ಹುಟ್ಟಿದಾಗಿನಿಂದ ಬಂದೂಕಿನ ನಡುವೆಯೇ ಇದ್ದವಳಿಗೆ ಅಲ್ಲಿ ಬೇರೆ ಹುಡುಗಿಯರ ಹಾಗೆ ಕೈ ನಡುಗಲಿಲ್ಲ. ಒಂದು ಶಿಬಿರದಲ್ಲಿ ಬೆಂಗಳೂರಿನ ಶೂಟಿಂಗ್ ಕ್ಲಬ್ಬಿನ ಕೋಚ್ ಅವಳನ್ನು ನೋಡಿದರು. ಇವಳು ನಿಂತ ಗುರಿಗಲ್ಲ, ಹಾರುವ ಗುರಿಗೆ ಸರಿ ಅಂದರಂತೆ. ಹಾರುವ ಗುರಿಯೆಂದರೆ ಜೇಡಿಮಣ್ಣಿನ ತಟ್ಟೆಯಂಥ ಬಿಲ್ಲೆ. ಯಂತ್ರ ಅದನ್ನು ನೆಲದೊಳಗಿಂದ ಎತ್ತಿ ದೂರಕ್ಕೆ ಎಸೆಯುತ್ತದೆ, ಎಡಕ್ಕೋ ಬಲಕ್ಕೋ ಯಾರಿಗೂ ಗೊತ್ತಿರುವುದಿಲ್ಲ. ಅದು ಇರುವ ಜಾಗಕ್ಕೆ ಹೊಡೆದರೆ ತಾಗುವುದಿಲ್ಲ, ಅದು ಹೋಗಲಿರುವ ಜಾಗಕ್ಕೆ, ಒಂದಿಷ್ಟು ಮುಂದಕ್ಕೆ ಹೊಡೆಯಬೇಕು. ಅಕ್ಕ ಇದನ್ನೆಲ್ಲ ಊಟಕ್ಕೆ ಕೂತಾಗ ಮುದ್ದೆಯ ಚೂರನ್ನು ತಟ್ಟೆಯಲ್ಲಿ ಓಡಿಸುತ್ತಾ ವಿವರಿಸಿದಳು. ಮಡಕೆ ಒಡೆಯೋಕೆ ಬೆಂಗಳೂರಿಗೆ ಹೋಗಬೇಕಾ, ನಮ್ಮ ಮನೇಲೇ ಒಡೀತಾ ಇದೀಯಲ್ಲ ಅಂತ ಅಮ್ಮ ಛೇಡಿಸಿದಳು. ಅಪ್ಪ ನಗಲಿಲ್ಲ. ಅನ್ನ ಕಲಸುವುದನ್ನು ನಿಲ್ಲಿಸಿ, ಬಂದೂಕು ಯಾರದ್ದು, ಎಷ್ಟು ತೂಕ, ಮಡಚುವ ಕೀಲು ಎಲ್ಲಿ ಬರುತ್ತದೆ ಅಂತ ಕೇಳಿದ.

ಬಂದೂಕು ಕ್ಲಬ್ಬಿನದು. ಒಂದರ ಮೇಲೊಂದು ಎರಡು ನಳಿಗೆ ಇದ್ದ ಹಳೆಯ ವಿದೇಶಿ ಮಾಲು, ಯಾರೋ ಆರಡಿ ಗಂಡಸಿಗಾಗಿ ಮಾಡಿದ್ದು. ಅಕ್ಕನಿಗೆ ಅದರ ಬಟ್ಟು ಉದ್ದ, ಭಾರ ಹೆಚ್ಚು. ಭುಜದ ಮೂಳೆಯ ಮೇಲೆ ಬದನೆಕಾಯಿ ಬಣ್ಣದ ಗಾಯವಾಗಿತ್ತು, ಅಮ್ಮನಿಗೆ ಕಾಣದಂತೆ ನಾನು ಬಿಸಿನೀರಿನ ಶಾಖ ಕೊಡುತ್ತಿದ್ದೆ. ಅಪ್ಪ ಲೈಸೆನ್ಸು ಇದ್ದ ರಿಪೇರಿಯವನು ಎಂದು ತಿಳಿದ ಕೋಚ್, ಕಾಗದಪತ್ರದ ಸಮೇತ ಅದನ್ನು ಜೀಪಿನಲ್ಲಿ ನಮ್ಮ ಮನೆಗೇ ಕಳಿಸಿದರು. ಅಪ್ಪ ಅದನ್ನು ಮೂರು ದಿನ ಸುಮ್ಮನೆ ನೋಡಿದ. ನಾಲ್ಕನೆಯ ದಿನ ಬಟ್ಟು ಕುಯ್ದ. ಹಿಂದಿನ ಮರ ಕಡಿಮೆಯಾದ ಮೇಲೆ ತೂಕವೆಲ್ಲ ಮುಂದಕ್ಕೆ ಬಿತ್ತು, ಅಕ್ಕ ಎತ್ತಿ ಹಿಡಿದರೆ ನಳಿಗೆಯ ಮೂತಿ ನೆಲ ನೋಡುತ್ತಿತ್ತು. ಇದು ಗೊತ್ತಿದ್ದದ್ದೇ ಅನ್ನುವಂತೆ ಅಪ್ಪ ನಡುಮನೆಯ ಜಂತೆಯಲ್ಲಿದ್ದ ತೊಟ್ಟಿಲ ಕೊಂಡಿಗೆ ಹಗ್ಗ ಕಟ್ಟಿ, ಕುಣಿಕೆಯಲ್ಲಿ ಬಂದೂಕನ್ನು ತೂಗುಬಿಟ್ಟ. ಕುಣಿಕೆ ಮಡಚುವ ಕೀಲಿನ ಹತ್ತಿರ ಇದ್ದಾಗ ಅದು ಅತ್ತಿತ್ತ ವಾಲದೆ ಮಟ್ಟವಾಗಿ ನಿಲ್ಲಬೇಕು, ಅದೇ ಲೆಕ್ಕ.

ಆ ಕೊಂಡಿಗೆ ನಾವಿಬ್ಬರೂ ಮಲಗಿದ ತೊಟ್ಟಿಲು ಕಟ್ಟಿದ್ದರು. ಹಿತ್ತಲಿಂದ ಬಂದ ಅಮ್ಮ ಅಲ್ಲಿ ಬಂದೂಕು ತೂಗುತ್ತಿದ್ದುದನ್ನು ನೋಡಿ ಬಾಗಿಲಲ್ಲೇ ನಿಂತಳು. ಮೊಮ್ಮಗು ಆಡಬೇಕಾದ ಜಾಗ ಅದು, ಹೆಣ್ಣುಮಕ್ಕಳ ಮನೆಯಲ್ಲಿ ಅಲ್ಲಿ ಯಾರಾದರೂ ಕೋವಿ ಕಟ್ಟುತ್ತಾರಾ ಅಂತ ಶುರುವಾದ ಜಗಳ ಎರಡು ದಿನ ನಡೆಯಿತು. ಅದರ ಮೇಲೆ ಸೀಸದ ಗಲಾಟೆ. ಹಿಂದಕ್ಕೆ ಭಾರ ತುಂಬಲು ಅಪ್ಪ ಟೈರ್ ಅಂಗಡಿಯಿಂದ ಚಕ್ರಕ್ಕೆ ಹಾಕುವ ಸೀಸದ ತುಂಡುಗಳನ್ನು ತಂದು, ಅಮ್ಮನ ಒಗ್ಗರಣೆ ಸೌಟಿನಲ್ಲಿ, ಅಮ್ಮನ ಒಲೆಯ ಮೇಲೇ ಕರಗಿಸಿದ. ಅಮ್ಮ ಆ ಸೌಟನ್ನು ಹಿತ್ತಲಿಗೆ ಎಸೆದಳು, ಅಪ್ಪ ಹೋಗಿ ಎತ್ತಿಕೊಂಡು ಬಂದ. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚಾಣಿಕೆ ನಡೆಸುತ್ತಿದ್ದ ಸೋದರಮಾವನ ಹತ್ತಿರ ರೇಷ್ಮೆ ನೂಲು ತೂಗುವ ಸಣ್ಣ ತಕ್ಕಡಿ ಇಸಕೊಂಡು, ಸೀಸವನ್ನು ಚಿನ್ನದ ಹಾಗೆ ತೂಗಿ, ಬಟ್ಟಿನ ಹಿಂದಿನ ರಬ್ಬರ್ ಬಿಚ್ಚಿ, ಒಳಗಿನ ತೂತಿಗೆ ಒಂದೊಂದೇ ತುಂಡು ಇಳಿಸಿದ. ಒಂದು ತುಂಡು ಹಾಕುವುದು, ತೂಗುಬಿಡುವುದು, ಇಳಿಸುವುದು, ಅಕ್ಕನ ಕೈಗೆ ಕೊಡುವುದು. ಅಕ್ಕ ಕಣ್ಣು ಮುಚ್ಚಿ ಭುಜಕ್ಕೆ ಆನಿಸಿ, ಕಣ್ಣು ಬಿಟ್ಟರೆ ಮೂತಿಯ ಮೇಲಿನ ಗುರಿಮಣಿ ನೇರ ಕಣ್ಣೆದುರಿಗೆ ಇರಬೇಕು. ಒಂದು ಭಾನುವಾರ ಮಧ್ಯಾಹ್ನ ಅದು ಹಾಗೆಯೇ ನಿಂತಿತು. ಅಪ್ಪ ಸರಿಪೋಯಿಂದಿ ಅಂದ. ಅವತ್ತು ಅಕ್ಕ ಅಪ್ಪನನ್ನು ನೋಡಿದ ನೋಟ ನನಗೆ ಹೊಟ್ಟೆಕಿಚ್ಚು ತರಿಸುವಂತಿತ್ತು. ನನಗಾಗಿ ಯಾರೂ ಯಾವತ್ತೂ ಅಷ್ಟು ತೂಗಿ ನೋಡಿ ಏನನ್ನೂ ಮಾಡಿರಲಿಲ್ಲ.

ಆ ಬಂದೂಕಿನಲ್ಲಿ ಅಕ್ಕ ಚೆನ್ನಾಗಿ ಹೊಡೆದಳು. ಬೆಂಗಳೂರಿನ ಒಂದು ಹಾಸ್ಟೆಲಿನಲ್ಲಿದ್ದು ಅಭ್ಯಾಸ ಮಾಡತೊಡಗಿದಳು, ರಾಜ್ಯದ ತಂಡಕ್ಕೆ ಆಯ್ಕೆ ಹತ್ತಿರವಾಗುತ್ತಿತ್ತು. ಅದೇ ಹೊತ್ತಿಗೆ ಗೌರಿಬಿದನೂರಿನಿಂದ ಒಂದು ಸಂಬಂಧ ಬಂತು. ಹುಡುಗನಿಗೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ ಕೆಲಸ, ಮಾತು ಕಡಿಮೆ, ಜಾತಕ ಕೂಡಿತ್ತು. ಅಮ್ಮ ಊಟ ಬಿಟ್ಟು ಹಠ ಹಿಡಿದಳು. ಅಕ್ಕ ಅಳುವುದಿಲ್ಲ, ಅವಳು ಸುಮ್ಮನಾಗುತ್ತಾಳೆ. ಕೊನೆಗೆ ಅಪ್ಪ ಇಬ್ಬರನ್ನೂ ಕೂರಿಸಿ ತೀರ್ಮಾನ ಹೇಳಿದ:

"ತಂಡಕ್ಕೆ ಸೇರಿದ್ರೆ ಎರಡು ವರ್ಷ ಈ ಮನೇಲಿ ಯಾರೂ ಮದುವೆ ಮಾತು ಎತ್ತಬಾರ್ದು. ಸೇರಲಿಲ್ಲ ಅಂದ್ರೆ ನೀನು ಗೌರಿಬಿದನೂರಿಗೆ ಒಪ್ಕೋಬೇಕಮ್ಮ. ಆಗ್ಬೋದು ಅಲ್ವಾ?"

ಇಬ್ಬರೂ ಹೂಂ ಅಂದರು. ಅಕ್ಕ ಅಂದದ್ದು ಅಪ್ಪನ ಕೈಕೆಲಸದ ಮೇಲಿನ ಧೈರ್ಯದಿಂದ. ಅಮ್ಮ ಯಾವ ದೇವರ ಮೇಲಿನ ಧೈರ್ಯದಿಂದ ಅಂದಳೋ ಗೊತ್ತಿಲ್ಲ.

ಆಯ್ಕೆಗೆ ಎರಡು ವಾರ ಇದ್ದಾಗ ಒಂದು ಮಧ್ಯಾಹ್ನ ಫೋನ್ ಬಂತು. ನಮ್ಮ ಫೋನ್ ನಡುಮನೆಯ ಗೂಡಿನಲ್ಲಿತ್ತು, ಅಮ್ಮ ಅದಕ್ಕೆ ಕಸೂತಿಯ ಬಟ್ಟೆ ಹೊದಿಸಿದ್ದಳು. ಅಪ್ಪನಿಗೆ ಫೋನಿನಲ್ಲಿ ಮಾತಾಡಲು ಬರುತ್ತಿರಲಿಲ್ಲ, ಕಾಣದವರ ಜೊತೆ ಏನು ಮಾತು ಅನ್ನುತ್ತಿದ್ದ. ನಾನು ಟೀವಿಯಲ್ಲಿ ಧಾರಾವಾಹಿ ನೋಡುತ್ತಿದ್ದೆ. ಎದ್ದು ಹೋಗಿ ಎತ್ತಿಕೊಂಡೆ, ಕಣ್ಣು ಮಾತ್ರ ಟೀವಿಯ ಮೇಲೇ ಇತ್ತು. ಆ ಕಡೆ ಕೋಚ್. ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದರು. ವರಲಕ್ಷ್ಮಿಯ ಕೈಗೆ ಈಗ ಬಲ ಬಂದಿದೆ, ಬಂದೂಕು ತುಂಬ ಬೇಗ ತಿರುಗುತ್ತಿದೆ, ಏಟು ಬಿಲ್ಲೆಗಿಂತ ಮುಂದೆ ಹೋಗುತ್ತಿದೆ, ಬಂದೂಕು ನಾಳೆ ಕಳಿಸುತ್ತೇವೆ, ಅಪ್ಪನಿಗೆ ಸ್ವಲ್ಪ ಸರಿಮಾಡಲು ಹೇಳಮ್ಮ. ನಾನು ಹೂಂ ಅಂದೆ. ಧಾರಾವಾಹಿ ಮುಗಿದ ಮೇಲೆ ಅಂಗಡಿ ಕೋಣೆಗೆ ಹೋಗಿ, ಕೋಚ್ ಫೋನ್ ಮಾಡಿದ್ದರು, ಬಂದೂಕು ನಾಳೆ ಬರುತ್ತದಂತೆ, ಮುಂದೆ ಹೋಗ್ತಿದೆಯಂತೆ, ಸರಿಮಾಡಬೇಕಂತೆ ಅಂದೆ.

ಅಪ್ಪ ಅರ ಉಜ್ಜುತ್ತಲೇ ಕೇಳಿದ. "ಏನು, ಭಾರ ಮುಂದೆ ಹೋಗ್ತಿದೆಯಾ?"

ನಾನು ಹೂಂ ಅಂದೆ.

ಅಷ್ಟೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಾನು ಆಡಿದ್ದು ಪೂರ್ತಿ ಮಾತೂ ಅಲ್ಲ. ಏಟು ಮುಂದೆ ಹೋಗುವುದಕ್ಕೂ ಭಾರ ಮುಂದೆ ಹೋಗುವುದಕ್ಕೂ ಇರುವ ವ್ಯತ್ಯಾಸ ಅಂದು ನನಗೆ ತಿಳಿದಿರಲಿಲ್ಲ ಅಂತ ಹೇಳಿದರೆ ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಅವರು ಏಟು ಅಂದದ್ದು ನನಗೆ ಕೇಳಿಸಿತ್ತು. ಅಪ್ಪ ಭಾರ ಅಂದದ್ದೂ ಕೇಳಿಸಿತ್ತು. ಎರಡೂ ಬೇರೆ ಅನ್ನುವುದಕ್ಕೆ ಬಂದೂಕಿನ ವಿದ್ಯೆ ಬೇಕಾಗಿರಲಿಲ್ಲ. ತಿರುಗಿ ಒಂದು ಮಾತು ಹೇಳುವ ಶ್ರಮ ತೆಗೆದುಕೊಳ್ಳಲಿಲ್ಲ ನಾನು. ಏಟು ಮುಂದೆ ಹೋಗುತ್ತಿದೆ ಎಂದರೆ ಮೂತಿ ಹಗುರವಾಗಿ ಓಡಿಹೋಗುತ್ತಿದೆ ಎಂದರ್ಥ. ಹಿಂದಿನ ಸೀಸ ಸ್ವಲ್ಪ ತೆಗೆದು ಮುಂದೆ ಭಾರ ಕೊಡಬೇಕಿತ್ತು. ಭಾರ ಮುಂದೆ ಹೋಗುತ್ತಿದೆ ಎಂದರೆ ಅದರ ತದ್ವಿರುದ್ಧ, ಹಿಂದಕ್ಕೆ ಇನ್ನಷ್ಟು ಸೀಸ ಹಾಕಬೇಕು.

ಅಪ್ಪ ಇನ್ನಷ್ಟು ಸೀಸ ಹಾಕಿದ. ಫೋನ್ ಬಂದ ಮಾರನೆಯ ದಿನವೇ ಬಂದೂಕು ಬಂದಿತ್ತು. ಅಭ್ಯಾಸ ಬಿಟ್ಟು ಬರುವಂತಿಲ್ಲವೆಂದು ಅಕ್ಕ ಕ್ಲಬ್ಬಿನ ಬೇರೆ ಬಂದೂಕು ಹಿಡಿದು ಅಲ್ಲೇ ಉಳಿದಳು. ಅಷ್ಟು ಹೊತ್ತಿಗೆ ನಾನು ಅಕ್ಕನ ಎತ್ತರಕ್ಕೆ ಬೆಳೆದಿದ್ದರಿಂದ ಅವಳ ಬದಲು ಅಪ್ಪ ನನ್ನನ್ನು ನಡುಮನೆಯಲ್ಲಿ ನಿಲ್ಲಿಸಿದ. ಬಂದೂಕು ಮೊದಲೇ ಮಟ್ಟವಾಗಿ ತೂಗುತ್ತಿದ್ದದ್ದನ್ನು ನೋಡಿ ಅವನಿಗೆ ಅನುಮಾನ ಬಂದಿತ್ತು. ಇದರಲ್ಲಿ ಮುಂದೆ ಭಾರ ಎಲ್ಲಿದೆ ಅಂತ ಎರಡು ಮೂರು ಸಲ ಗೊಣಗಿದ. ಆಮೇಲೆ, ನಮ್ಮದು ಮನೆಯೊಳಗಿನ ಲೆಕ್ಕ, ಅವರು ಬಯಲಲ್ಲಿ ನಿಂತು ನೋಡಿದವರು, ದೊಡ್ಡವರು ಹೇಳಿದ್ದಾರೆ ಅಂದರೆ ಇದ್ದೇ ಇರುತ್ತೆ ಅಂದ. ನಾನು ಕಣ್ಣು ಮುಚ್ಚಿ ಎತ್ತಿದೆ. ನಳಿಗೆ ಬೀಸಣಿಗೆಯಷ್ಟು ಹಗುರವಾಗಿ ಮೇಲೆ ಬಂತು. ನನಗೆ ಖುಷಿಯಾಯಿತು. ಇಷ್ಟು ದಿನ ಅಕ್ಕನಿಗೆ ಮಾತ್ರ ಸಿಗುತ್ತಿದ್ದ ಅಪ್ಪನ ಗಮನ ಆ ಮಧ್ಯಾಹ್ನವೆಲ್ಲ ನನ್ನ ಭುಜದ ಮೇಲಿತ್ತು. ಹಗುರ ಆಯ್ತಲ್ವಾ ಅಂದ, ಆಯ್ತು ಅಂದೆ. ಸರಿ ಇದೆ ಅಲ್ವಾ ಅಂದ, ಇದೆ ಅಂದೆ. ಆ ಸಲ ಅವನು ಸರಿಪೋಯಿಂದಿ ಅನ್ನಲಿಲ್ಲ. ಅದನ್ನೂ ನಾನು ಗಮನಿಸಿದೆ. ಜೀಪು ಬಂದು ಬಂದೂಕನ್ನು ತೆಗೆದುಕೊಂಡು ಹೋಯಿತು. ಕೋಚ್‌ಗೆ ಅದೇ ವಾರ ಬೇರೆ ರಾಜ್ಯಕ್ಕೆ ಹೋಗಬೇಕಾಗಿ ಬಂದು, ಅದು ಕ್ಲಬ್ಬಿನ ಬೀರುವಿನಲ್ಲೇ ಉಳಿದು, ಅವರ ಕಣ್ಣಿಗೂ ಅಕ್ಕನ ಕೈಗೂ ಸಿಕ್ಕಿದ್ದು ಆಯ್ಕೆಯ ದಿನವೇ.

ಆಯ್ಕೆಯಲ್ಲಿ ಅಕ್ಕ ಕೊನೆಯವರಲ್ಲಿ ಒಬ್ಬಳಾದಳು. ಆ ಬಂದೂಕು ಅವಳ ಕೈಯಲ್ಲಿ ನಿಲ್ಲಲೇ ಇಲ್ಲವಂತೆ, ಬಿಲ್ಲೆಯನ್ನು ಹಿಂದೆ ಹಾಕಿ ಹಾರಿಹೋಗುತ್ತಿತ್ತಂತೆ. ತಡೆದು ಹಿಡಿದರೆ ಹಿಂದೆ ಬೀಳುತ್ತಿತ್ತು, ಬಿಟ್ಟರೆ ಮುಂದೆ ಹೋಗುತ್ತಿತ್ತು. ಮರುದಿನ ಬಸ್ಸಿನಲ್ಲಿ ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೇರ ಅಂಗಡಿ ಕೋಣೆಗೆ ಹೋದಳು. ನಾನು ಬಾಗಿಲ ಹಿಂದೆಯೇ ಇದ್ದೆ.

"ಅಪ್ಪ, ಏಟು ಮುಂದೆ ಹೋಗ್ತಿದೆ ಅಂತ ಹೇಳ್ಕಳ್ಸಿದ್ರೆ, ಮೂತಿ ಭಾರ ಮಾಡೋದು ಬಿಟ್ಟು ನೀನು ಹಿಂದಕ್ಕೆ ಸೀಸ ತುಂಬಿದೀಯ."

ಅಪ್ಪ ಅರವನ್ನು ಕೆಳಗಿಟ್ಟ. ಅವನು ಕೆಲಸ ನಿಲ್ಲಿಸಿ ತಲೆಯೆತ್ತಿ ನೋಡಿದ್ದು ಅಕ್ಕನನ್ನಲ್ಲ, ಅವಳ ಹಿಂದೆ ನಿಂತ ನನ್ನನ್ನು. ಎಲ್ಲವೂ ಅವನಿಗೆ ಒಂದೇ ಕ್ಷಣದಲ್ಲಿ ಅರ್ಥವಾಯಿತು. ಅದು ನನಗೂ ಗೊತ್ತಾಯಿತು. ನಾನು ಬಾಯಿ ತೆರೆಯುತ್ತೇನೇನೋ ಅಂತ ಅವನು ಕಾದನೋ, ತೆರೆಯಬೇಡ ಅಂತ ನೋಡಿದನೋ, ಇವತ್ತಿಗೂ ನನಗೆ ತೀರ್ಮಾನಿಸಲು ಆಗಿಲ್ಲ. ನಾನು ತೆರೆಯಲಿಲ್ಲ.

"ನಂಗೆ ಸರಿಯಾಗಿ ಅರ್ಥ ಆಗ್ಲಿಲ್ಲ ತಾಯಿ," ಅಂದ ಅಪ್ಪ.

"ನಿಂಗೆ ಅರ್ಥ ಆಗ್ಲಿಲ್ವಾ?" ಅಂದಳು ಅಕ್ಕ. ದನಿ ಏರಿಸಲಿಲ್ಲ. ಒಳಗೆ ಹೋದಳು.

ಆ ವಾರವೇ ಒಂದು ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅವಳು ನನಗೆ ತನ್ನ ಮನಸ್ಸಿನ ಮಾತು ಹೇಳಿದಳು. ಅಪ್ಪನದು ಹುಟ್ಟಿದಾಗಿನಿಂದ ಬಂದೂಕು ಹಿಡಿದ ಕೈ, ಒಂದು ಅಕ್ಕಿಕಾಳಿನಷ್ಟು ವ್ಯತ್ಯಾಸ ಬಂದರೂ ಹೇಳುತ್ತದೆ, ಅಂಥ ಕೈ ತಪ್ಪು ಮಾಡಲ್ಲ ಕಣೇ, ಅಮ್ಮನ ಹಠಕ್ಕೆ ಸೋತು, ನನ್ನನ್ನು ಗೌರಿಬಿದನೂರಿಗೆ ಕಳಿಸುವುದಕ್ಕೇ ಅಪ್ಪ ಬೇಕಂತಲೇ ಕೆಡಿಸಿದ್ದಾನೆ. ಹೇಳುತ್ತಾ ಹೇಳುತ್ತಾ ಒಂದೇ ಸೀರೆಯನ್ನು ಮೂರು ಸಲ ಹಿಂಡಿದಳು. ನಾನು ಆಗಲೂ ಸುಮ್ಮನಿದ್ದೆ. ಅವತ್ತು ಹೂಂ ಅಂದದ್ದನ್ನು ಉದಾಸೀನ ಅನ್ನಬಹುದು, ಎಳೆ ವಯಸ್ಸು ಅನ್ನಬಹುದು. ಈ ಮೌನಕ್ಕೆ ನನ್ನ ಹತ್ತಿರ ಯಾವ ಹೆಸರೂ ಇಲ್ಲ. ಹೇಳಿದರೆ ಅಕ್ಕನ ಆ ಕೋಪ ನನ್ನ ಮೇಲೆ ತಿರುಗುತ್ತದೆ ಎಂಬ ಹೆದರಿಕೆ ಒಂದೇ. ಇವತ್ತಲ್ಲ ನಾಳೆ ಹೇಳುತ್ತೇನೆ ಅಂದುಕೊಂಡೆ. ಅಷ್ಟರಲ್ಲಿ ಗೌರಿಬಿದನೂರಿನವರು ಬಂದು ತಾಂಬೂಲ ಬದಲಾಯಿಸಿಕೊಂಡು ಹೋದರು. ಕೊಟ್ಟ ಮಾತಿನಂತೆ ಅಕ್ಕ ಒಪ್ಪಿದಳು. ಧಾರೆ ಎರೆಯುವಾಗ ಅಕ್ಕ ಅಪ್ಪನ ಮುಖ ನೋಡದೆ ಬೊಗಸೆ ಒಡ್ಡಿ ನಿಂತಿದ್ದಳು.

ಆಮೇಲೆ ಅಕ್ಕ ಹಬ್ಬಕ್ಕೆ ಬರುತ್ತಿದ್ದಳು, ಅಮ್ಮನ ಜೊತೆ ಮಾತಾಡುತ್ತಿದ್ದಳು, ನನ್ನ ತಲೆ ಬಾಚುತ್ತಿದ್ದಳು. ಅಂಗಡಿ ಕೋಣೆಗೆ ಮಾತ್ರ ಕಾಲಿಡಲಿಲ್ಲ. ಅಪ್ಪ ಏನಾದರೂ ಕೇಳಿದರೆ ಅಮ್ಮನಿಗೆ ಉತ್ತರ ಹೇಳುತ್ತಿದ್ದಳು. ಭಾವ ಒಳ್ಳೆಯವರೇ, ಅವಳನ್ನು ಚೆನ್ನಾಗಿ ನೋಡಿಕೊಂಡರು. ಆದರೆ ಅಪ್ಪನ ಹೆಸರು ಬಂದರೆ ಅಕ್ಕ ಎದ್ದು ಬೇರೆ ಕೆಲಸಕ್ಕೆ ಹೋಗುತ್ತಾಳೆ, ಯಾಕೆ ಅಂತ ಅವರೇ ನನ್ನನ್ನು ಒಮ್ಮೆ ಕೇಳಿದ್ದರು. ಅಪ್ಪ ಬಟ್ಟು ಕುಯ್ಯುವುದನ್ನು ಬಿಟ್ಟ. ತುಕ್ಕು ತೆಗೆದು ಎಣ್ಣೆ ಹಾಕಿ ಕಳಿಸುತ್ತಿದ್ದ, ಯಾರಾದರೂ ಮರದ ಕೆಲಸ ತಂದರೆ ಕಣ್ಣು ಮಂಜು ಅನ್ನುತ್ತಿದ್ದ. ಅವನ ಕಣ್ಣು ಚೆನ್ನಾಗಿಯೇ ಇತ್ತು. ನನ್ನನ್ನು ಅವನು ಒಂದು ದಿನವೂ ಏನೂ ಕೇಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನಾನು ಅತ್ತು ಎಲ್ಲವನ್ನೂ ಒಪ್ಪಿಕೊಂಡು ಮನುಷ್ಯಳಾಗುತ್ತಿದ್ದೆನೇನೋ. ನನಗೆ ಹೇಳಿದ್ದನ್ನು ಎರಡೆರಡು ಸಲ ತಿರುಗಿ ಕೇಳುವ ರೋಗ ಅಂಟಿಕೊಂಡದ್ದು ಆಗಲೇ. ಇವತ್ತು ಆಫೀಸಿನಲ್ಲಿ ನನ್ನನ್ನು ಅದಕ್ಕೆ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಐದು ವರ್ಷ ಹೀಗೇ ಹೋಯಿತು. ಒಂದು ಬೇಸಿಗೆಯಲ್ಲಿ ಅಪ್ಪನಿಗೆ ಪಾರ್ಶ್ವವಾಯು ಬಡಿದು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಿದೆವು. ಹನ್ನೊಂದು ದಿನ ಇದ್ದ. ನಾನು, ಅಮ್ಮ, ಅಕ್ಕ ಸರದಿಯಲ್ಲಿ ಪಕ್ಕದಲ್ಲಿ ಕೂತೆವು. ಆಗ ಹೇಳಬಹುದಿತ್ತು, ಅವನ ಮುಂದೆಯೇ ಹೇಳಬಹುದಿತ್ತು. ಪ್ರತಿ ದಿನವೂ ಹೇಳಲು ಹೋದೆ, ಪ್ರತಿ ದಿನವೂ ಡಾಕ್ಟರ್ ಬಂದರು, ನೆಂಟರು ಬಂದರು, ಫ್ಲಾಸ್ಕಿಗೆ ಕಾಫಿ ತರುವ ನೆಪ ಸಿಕ್ಕಿತು. ಹನ್ನೆರಡನೆಯ ಬೆಳಿಗ್ಗೆ ಹೇಳಲು ಅವನೇ ಇರಲಿಲ್ಲ.

ವೈಕುಂಠ ಸಮಾರಾಧನೆಯ ದಿನ ನೆಂಟರೆಲ್ಲ ಊಟ ಮಾಡಿ ಹೋದ ಮೇಲೆ ಅಕ್ಕ ಹಿತ್ತಲಲ್ಲಿ ದೊಡ್ಡ ಪಾತ್ರೆಗಳನ್ನು ತೊಳೆಯುತ್ತಿದ್ದಳು. ಅಪ್ಪನ ಪಟಕ್ಕೆ ಎಲ್ಲರೂ ಹೂವು ಹಾಕಿದಾಗ ಅವಳು ಹಾಕದೆ ಅಡುಗೆಮನೆಯಲ್ಲೇ ಉಳಿದದ್ದನ್ನು ನಾನು ನೋಡಿದ್ದೆ. ಅದನ್ನು ನೋಡಿದ ಮೇಲೆ ಇನ್ನು ತಡೆದುಕೊಳ್ಳಲು ಆಗಲಿಲ್ಲ. ಹೋಗಿ ಎದುರಿಗೆ ಕೂತು ಎಲ್ಲ ಹೇಳಿದೆ. ಫೋನ್ ಎತ್ತಿದ್ದು, ಟೀವಿ, ಅವರು ಏಟು ಅಂದದ್ದು, ಅಪ್ಪ ಭಾರವಾ ಅಂತ ಕೇಳಿದ್ದು, ನಾನು ಹೂಂ ಅಂದದ್ದು. ಅವಳು ಬೂದಿ ಹಚ್ಚುತ್ತಿದ್ದ ಕೈ ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೆ ಪಾತ್ರೆಯ ತಳವನ್ನೂ ಉಜ್ಜಿ ಕೇಳಿದಳು.

"ಅಪ್ಪಂಗೆ ಗೊತ್ತಿತ್ತಾ?"

"ಗೊತ್ತಿತ್ತು. ನೀನು ಬಂದು ಕೇಳ್ದಾಗ್ಲೇ ಗೊತ್ತಾಯ್ತು."

"ಆದ್ರೂ ನಿನ್ನ ಹೆಸ್ರು ಹೇಳ್ಲಿಲ್ಲ."

"ಇಲ್ಲ."

ಅವಳು ಬೈಯುತ್ತಾಳೆ, ಹೊಡೆಯುತ್ತಾಳೆ ಅಂತ ನಾನು ಕಾದೆ. ಬೈದರೆ ಸಾಕು ಅಂತ ಬೇಡಿಕೊಂಡೆ. ಅವಳು ಪಾತ್ರೆಯನ್ನು ಬೋರಲು ಹಾಕಿ, ಕೈ ತೊಳೆದು, ಆ ಒದ್ದೆ ಕೈಗಳನ್ನೇ ನೋಡುತ್ತಾ ಕೂತಳು.

"ಆಸ್ಪತ್ರೇಲಿ ಒಂದಿನ ನಾನೊಬ್ಳೇ ಇದ್ದೆ. ನೀರು ಅಂತ ಬಾಯಿ ಅಲ್ಲಾಡಿಸ್ದ. ಲೋಟ ನನ್ನ ಪಕ್ಕದಲ್ಲೇ ಇತ್ತು ಕಣೇ. ನರ್ಸಮ್ಮ ಬಂದು ಕುಡಿಸ್ತಾರೆ ಬಿಡು ಅಂತ ನಾನು ಎದ್ದು ಆಚೆ ಹೋದೆ."

ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಕೊಸರಿಕೊಳ್ಳಲಿಲ್ಲ. ನಿಧಾನವಾಗಿ ಬಿಡಿಸಿಕೊಂಡು ಹೇಳಿದಳು.

"ಒಳಗೆ ಹೋಗು. ಅಮ್ಮಂಗೆ ಏನೂ ಹೇಳ್ಬೇಡ."

ನಾನು ಎದ್ದು ಒಳಗೆ ಹೋದೆ.